ಸ್ಟ್ರಾಬೆರಿಗೆ ಸಾರಜನಕ ಎಷ್ಟು, ಯಾವಾಗ, ಯಾವ ರೂಪದಲ್ಲಿ? ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಟ್ರಾಬೆರಿ ಹಾಕಿದವರು ಮೊದಲು ಕೇಳುವುದು ಸಾರಜನಕದ ಗೊಬ್ಬರವಾದ ಯೂರಿಯಾ ಬಗ್ಗೆ. ಕೋಸು, ಟೊಮೆಟೊ, ಮುಸುಕಿನ ಜೋಳ ಬೆಳೆದು ಪಳಗಿದ ಕೈಗೆ ಇದು ಹೊಸ ಬೆಳೆ, ಹಳೆ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನಮ್ಮ ದೇಶದ ಸ್ಟ್ರಾಬೆರಿಯಲ್ಲಿ ಬಹುಪಾಲು ಇವತ್ತಿಗೂ ಮಹಾಬಲೇಶ್ವರ, ಪಂಚಗಣಿ ಕಡೆಯಿಂದಲೇ ಬರುತ್ತದೆ. ಅಲ್ಲಿನ ಹಣ್ಣಿಗೆ 2010ರಲ್ಲಿ ಭೌಗೋಳಿಕ ಗುರುತು ಕೂಡ ಸಿಕ್ಕಿದೆ. ಅಲ್ಲಿಯದು ಮಳೆಗೆ ತೊಳೆದು ಹೋದ ಕೆಂಪು ಜಂಬಿಟ್ಟಿಗೆ ಮಣ್ಣು, ತಂಪು ಹವೆ. ನಮ್ಮ ಬಯಲುಸೀಮೆಯದು ಬೋರ್‌ವೆಲ್ ನೀರು, ಬಿಸಿಲು. ಹಾಗಾಗಿ ಅಲ್ಲಿನವರ ಗೊಬ್ಬರದ ಚೀಟಿಯನ್ನು ತಂದು ಇಲ್ಲಿ ಹಾಗೇ ಹಾಕಬೇಡಿ. ಯಾಕೆ ಅಂತ ಕೆಳಗೆ ಬರೆದಿದ್ದೇನೆ.

ಸಾರಜನಕ ಈ ಗಿಡಕ್ಕೆ ಏನು ಮಾಡುತ್ತದೆ?

ಎಲೆ ಬೆಳೆಸುತ್ತದೆ, ಎಲೆಗೆ ಹಸಿರು ಕೊಡುತ್ತದೆ, ಬುಡದಲ್ಲಿ ಕವಲು ಒಡೆಸುತ್ತದೆ. ಕವಲು ಎಷ್ಟೋ ಹೂಗೊಂಚಲು ಅಷ್ಟು, ಅಂದರೆ ಇಳುವರಿಗೆ ಸಾರಜನಕ ಬೇಕೇ ಬೇಕು. ಆದರೆ ಒಂದು ಮಿತಿ ದಾಟಿದ ಮೇಲೆ ಗಿಡ ಹಣ್ಣು ಮರೆತು ಎಲೆ ಮತ್ತು ಬಳ್ಳಿ (ರನ್ನರ್) ಬಿಡುವುದರಲ್ಲೇ ತೊಡಗುತ್ತದೆ. ಆ ಮಿತಿ ಸ್ಟ್ರಾಬೆರಿಯಲ್ಲಿ ಬೇಗ ಬರುತ್ತದೆ.

ಎಕರೆಗೆ ಎಷ್ಟು ಬೇಕು? ಒಂದು ಅಂಕಿ ಹೇಳಿ.

ಒಂದೇ ಅಂಕಿ ಹೇಳಲು ಆಗುವುದಿಲ್ಲ. ಅಂದಾಜು ಸಿಗುವ ಹಾಗೆ ಲೆಕ್ಕ ಕೊಡುತ್ತೇನೆ, ನಿಮ್ಮ ಹೊಲಕ್ಕೆ ಹೊಂದಿಸಿಕೊಳ್ಳಿ.

ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಗಿಡಗಳನ್ನು ಕಿತ್ತು ಅಳೆದು ನೋಡಿದ್ದಾರೆ. ಅಲ್ಲಿ ಇಡೀ ಸೀಸನ್‌ನಲ್ಲಿ ಬೆಳೆ ಹೀರುವ ಸಾರಜನಕ ಎಕರೆಗೆ ಸುಮಾರು 80ರಿಂದ 90 ಕೆ.ಜಿ. ಆದರೆ ಅಲ್ಲಿ ಕೊಯ್ಲು ಆರೇಳು ತಿಂಗಳು ನಡೆಯುತ್ತದೆ, ಇಳುವರಿಯೂ ನಮಗಿಂತ ತುಂಬಾ ಜಾಸ್ತಿ. ಫ್ಲಾರಿಡಾದ ಸೀಸನ್ ನಮ್ಮದಕ್ಕೆ ಹತ್ತಿರ, ಚಳಿಗಾಲದ ಬೆಳೆ. ಅಲ್ಲಿನ ವಿಶ್ವವಿದ್ಯಾಲಯದ ಶಿಫಾರಸು ಎಕರೆಗೆ 150 ಪೌಂಡ್, ಅಂದರೆ 68 ಕೆ.ಜಿ. ಇರುವುದು ಮರಳು ಮಣ್ಣಿಗೆ. ನಾವು ಹಾಕುವ ಸ್ವೀಟ್ ಚಾರ್ಲಿ, ವಿಂಟರ್ ಡಾನ್ ತಳಿಗಳು ಅಲ್ಲಿಂದಲೇ ಬಂದವು, ಹಾಗಾಗಿ ಈ ಅಂಕಿ ನಮಗೆ ಒಂದು ಮೇಲಿನ ಗೆರೆ ಅಂತ ಇಟ್ಟುಕೊಳ್ಳಬಹುದು.

ನಮ್ಮ ಕೆಂಪು ಮಣ್ಣಿನಲ್ಲಿ, ಕೊಟ್ಟಿಗೆ ಗೊಬ್ಬರ ಕೊಟ್ಟು, ಏರುಮಡಿ, ಡ್ರಿಪ್, ಮಲ್ಚಿಂಗ್ ಶೀಟ್ ಎಲ್ಲ ಇದ್ದರೆ, ನಾನು ಹಿಡಿಯುವ ಲೆಕ್ಕ 50ರಿಂದ 55 ಕೆ.ಜಿ. ಎಕರೆಗೆ 24,000 ಗಿಡ ಅಂದುಕೊಂಡರೆ ಒಂದು ಗಿಡಕ್ಕೆ ಆರು ತಿಂಗಳಿಗೆ 2 ಗ್ರಾಂ ಚಿಲ್ಲರೆ. ಅಷ್ಟೇ! 45 ಕೆ.ಜಿ.ಯ ಒಂದು ಚೀಲ ಯೂರಿಯಾದಲ್ಲಿ 20.7 ಕೆ.ಜಿ. ಸಾರಜನಕ ಇರುತ್ತದೆ, ಅಂದರೆ ಇಡೀ ಸೀಸನ್‌ಗೆ ಎರಡೂವರೆ ಚೀಲದಷ್ಟು. ಇದನ್ನು ಹೇಳಿದರೆ ಎಷ್ಟೋ ಜನ ನಂಬುವುದಿಲ್ಲ, ಯಾಕೆಂದರೆ ಕೋಸಿಗೆ ಎರಡೇ ತಿಂಗಳಲ್ಲಿ ಅಷ್ಟು ಹಾಕಿ ರೂಢಿ.

ಇನ್ನೊಂದು ಕಡೆಯಿಂದ ನೋಡಿ. 1 ಟನ್ ಸ್ಟ್ರಾಬೆರಿ ಹಣ್ಣಿನಲ್ಲಿ ಹೊಲದಿಂದ ಆಚೆ ಹೋಗುವ ಸಾರಜನಕ ಸುಮಾರು 1.1 ಕೆ.ಜಿ. ಮಾತ್ರ. 10 ಟನ್ ಕೊಯ್ದರೂ 11 ಕೆ.ಜಿ. ಉಳಿದದ್ದೆಲ್ಲ ಎಲೆ, ಬುಡ, ಬೇರು ಕಟ್ಟಲು ಹೋಗುತ್ತದೆ, ಇಲ್ಲವೇ ಬೇರಿನ ಕೆಳಗೆ ಇಳಿದು ಹಾಳಾಗುತ್ತದೆ.

ಅಷ್ಟು ಕಡಿಮೆ ಅಂದರೆ ನಾಟಿಗೆ ಮೊದಲೇ ಪೂರ್ತಿ ಹಾಕಿಬಿಡಬಹುದಲ್ವಾ?

ಬೇಡ. ಎರಡು ಕಾರಣ.

ಮೊದಲನೆಯದು ಬೇರು. ಸ್ಟ್ರಾಬೆರಿಯ ಹೆಚ್ಚಿನ ಬೇರು ಮೇಲಿನ 15ರಿಂದ 30 ಸೆಂ.ಮೀ. ಮಣ್ಣಿನಲ್ಲೇ ಇರುತ್ತದೆ. ನಾಟಿ ಮಾಡಿದ ಮೇಲೆ ಗಿಡ ಹಿಡಿಯುವವರೆಗೆ ನಾವು ನೀರು ಜಾಸ್ತಿ ಬಿಡುತ್ತೇವೆ, ನೀರಿನಲ್ಲಿ ಕರಗುವ ಸಾರಜನಕದ ರೂಪವಾದ ನೈಟ್ರೇಟ್ ಆ ನೀರಿನ ಜೊತೆಗೇ ಇಳಿದು ಹೋಗುತ್ತದೆ. ಮಹಾಬಲೇಶ್ವರದಂಥ ಕಡೆ ಸೆಪ್ಟೆಂಬರ್‌ನಲ್ಲಿ ಮಳೆಯೂ ನಿಂತಿರುವುದಿಲ್ಲ.

ಎರಡನೆಯದು ಉಪ್ಪು. ಹಣ್ಣಿನ ಬೆಳೆಗಳಲ್ಲಿ ಇದರಷ್ಟು ಉಪ್ಪು ತಡೆಯದ ಬೆಳೆ ಕಡಿಮೆ. ಮಣ್ಣನ್ನು ಪೂರ್ತಿ ನೆನೆಸಿ ತೆಗೆದ ರಸದಲ್ಲಿ ಇ.ಸಿ. (ಉಪ್ಪು ಎಷ್ಟಿದೆ ಅಂತ ತೋರಿಸುವ ವಿದ್ಯುತ್ ವಾಹಕತೆ) ಮೀಟರಿಗೆ 1 ಡೆಸಿಸೀಮೆನ್ಸ್ ದಾಟಿದ ಕೂಡಲೇ ಇಳುವರಿ ಇಳಿಯಲು ಶುರುವಾಗುತ್ತದೆ, 2ಕ್ಕೆ ಬಂದರೆ ಸುಮಾರು ಮೂರನೇ ಒಂದು ಭಾಗ ಹೋಯಿತು ಅಂತಲೇ ಲೆಕ್ಕ. ಇಲ್ಲಿ ಒಂದು ಎಚ್ಚರಿಕೆ: ನಮ್ಮ ಲ್ಯಾಬ್‌ಗಳು ಸಾಮಾನ್ಯವಾಗಿ ಮಣ್ಣಿಗೆ ಜಾಸ್ತಿ ನೀರು ಬೆರೆಸಿ ಇ.ಸಿ. ಅಳೆಯುತ್ತವೆ, ಅಲ್ಲಿ ಅಂಕಿ ಕಡಿಮೆ ಬರುತ್ತದೆ. ರಿಪೋರ್ಟ್‌ನಲ್ಲಿ 0.6 ಅಂತ ಕಂಡರೆ ನೆಮ್ಮದಿಯಾಗಬೇಡಿ, ಯಾವ ರೀತಿ ಅಳೆದಿದ್ದಾರೆ ಅಂತ ಕೇಳಿ. ಯೂರಿಯಾವನ್ನು ಹಿಡಿ ಹಿಡಿ ಬುಡಕ್ಕೆ ಸುರಿದರೆ ಎಲೆಯಂಚು ಸುಡುವುದು ಇದಕ್ಕೇ.

ಹಾಗಾದರೆ ಯಾವ ಹಂತದಲ್ಲಿ ಎಷ್ಟು?

ಗಿಡ ಎಲ್ಲ ದಿನವೂ ಒಂದೇ ಸಮ ಉಣ್ಣುವುದಿಲ್ಲ. ಕ್ಯಾಲಿಫೋರ್ನಿಯಾದ ಅಳತೆಯಲ್ಲೂ ಇದೇ ಕಂಡದ್ದು: ಮೊದಲ ತಿಂಗಳುಗಳಲ್ಲಿ ಗಿಡ ಹೀರುವುದು ತೀರಾ ಕಡಿಮೆ, ಕೊಯ್ಲು ಶುರುವಾದ ಮೇಲೆ ಮಾತ್ರ ದಿನಕ್ಕೆ ಎಕರೆಗೆ ಹತ್ತಿರ ಹತ್ತಿರ 1 ಪೌಂಡ್, ಅಂದರೆ 450 ಗ್ರಾಂ. ನಾವು ಮಾಡುವುದು ಅದರ ಉಲ್ಟಾ. ನಾಟಿ ಹೊತ್ತಿಗೆ ಹುಮ್ಮಸ್ಸಿನಲ್ಲಿ ಸುರಿಯುತ್ತೇವೆ, ಜನವರಿಯಲ್ಲಿ ಹಣ್ಣು ಮಾರುವ ಗಡಿಬಿಡಿಯಲ್ಲಿ ಮರೆಯುತ್ತೇವೆ.

ನಾನು ಹೀಗೆ ಹೋಗುತ್ತೇನೆ. ಮಡಿ ಕಟ್ಟುವಾಗ 10ರಿಂದ 12 ಕೆ.ಜಿ. ಸಾರಜನಕ, ಅದರಲ್ಲಿ ಒಂದು ಪಾಲು ಬೇವಿನ ಹಿಂಡಿಯಿಂದ. ಗಿಡ ಹಿಡಿದು ಹೊಸ ಎಲೆ ಬಂದ ಮೇಲೆ ಒಂದು ತಿಂಗಳು ದಿನಕ್ಕೆ ಎಕರೆಗೆ 150 ಗ್ರಾಂ. ಹೂ, ಕಾಯಿ ಕಟ್ಟುವಾಗ 250 ಗ್ರಾಂ. ಡಿಸೆಂಬರ್ ಕೊನೆಯಿಂದ ಕೊಯ್ಲು ಜೋರಾದಾಗ 350 ಗ್ರಾಂ. ಇದು ಶುದ್ಧ ಸಾರಜನಕದ ತೂಕ, ಗೊಬ್ಬರದ ತೂಕ ಅಲ್ಲ. ದಿನಾ ಬಿಡಲು ಆಗದಿದ್ದರೆ ವಾರಕ್ಕೆ ಎರಡು ಸಲ ಮಾಡಿ, ಆದರೆ ಹದಿನೈದು ದಿನದ್ದನ್ನು ಒಂದೇ ದಿನ ಕೊಡಬೇಡಿ.

ಒಂದು ಸೂಕ್ಷ್ಮ ಇದೆ. ನಾವು ಬೆಳೆಯುವ ಹೆಚ್ಚಿನ ತಳಿಗಳು ಹಗಲು ಚಿಕ್ಕದಾಗಿ ತಂಪು ಬಂದಾಗ ಹೂಮೊಗ್ಗು ಹುಟ್ಟಿಸುತ್ತವೆ. ಆ ಹೊತ್ತಿಗೆ ಸರಿಯಾಗಿ ಗಿಡದಲ್ಲಿ ಸಾರಜನಕ ತುಂಬಿ ತುಳುಕುತ್ತಿದ್ದರೆ ಹೂ ತಡವಾಗುತ್ತದೆ. ಜಪಾನಿನ ಬೆಳೆಗಾರರು ಬೇಗ ಹೂ ಬರಲಿ ಅಂತ ಸಸಿಮಡಿಯಲ್ಲಿ ಬೇಸಿಗೆ ಕೊನೆಗೆ ಸಾರಜನಕ ಬೇಕಂತಲೇ ಕಡಿತ ಮಾಡುತ್ತಾರೆ. ಹಾಗಂತ ಗಿಡವನ್ನು ಉಪವಾಸ ಕೆಡವಬೇಡಿ. ಹಿಡಿತ ಸಾಕು.

ಯೂರಿಯಾ, ಅಮೋನಿಯಂ ಸಲ್ಫೇಟ್, ಕ್ಯಾಲ್ಸಿಯಂ ನೈಟ್ರೇಟ್: ಎಲ್ಲವೂ ಸಾರಜನಕವೇ ತಾನೆ, ಅಗ್ಗದ್ದು ಹಾಕಿದರೆ ಆಯಿತಲ್ವಾ?

ಪ್ರಮಾಣಕ್ಕಿಂತ ಜಾಸ್ತಿ ತಪ್ಪು ನಡೆಯುವುದು ಇಲ್ಲೇ. ಗಿಡ ಸಾರಜನಕವನ್ನು ಮುಖ್ಯವಾಗಿ ಎರಡು ರೂಪದಲ್ಲಿ ಹೀರುತ್ತದೆ, ನೈಟ್ರೇಟ್ ಮತ್ತು ಅಮೋನಿಯಂ. ಯೂರಿಯಾ ಮಣ್ಣಿನಲ್ಲಿ ಕೆಲವೇ ದಿನದಲ್ಲಿ ಅಮೋನಿಯಂ ಆಗುತ್ತದೆ, ಆಮೇಲೆ ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಮಾಡುತ್ತವೆ. ಬೆಚ್ಚಗಿನ, ಗಾಳಿಯಾಡುವ ಮಣ್ಣಿನಲ್ಲಿ ಈ ಕೆಲಸ ಬೇಗ ಮುಗಿಯುತ್ತದೆ. ಚಳಿಯಲ್ಲಿ ನಿಧಾನ. ನೀರು ನಿಂತ ಮಣ್ಣಿನಲ್ಲಿ ನಿಂತೇ ಹೋಗುತ್ತದೆ.

ಅಮೋನಿಯಂ ಬೇರಿನಲ್ಲಿ ಹಾಗೇ ಕೂತರೆ ವಿಷ. ಗಿಡ ಅದನ್ನು ಬೇರಿನಲ್ಲೇ ಪಳಗಿಸಬೇಕು, ಅದಕ್ಕೆ ಸಕ್ಕರೆ ಖರ್ಚು. ಹಣ್ಣಿಗೆ ಹೋಗಬೇಕಾದ ಸಕ್ಕರೆ ಅದು. ನೈಟ್ರೇಟ್‌ಗೆ ಈ ಅವಸರ ಇಲ್ಲ, ಗಿಡ ಅದನ್ನು ಎಲೆಯಲ್ಲಿ ಕೂಡಿಟ್ಟು ಬೇಕಾದಾಗ ಬಳಸಬಹುದು.

ಹಾಗಂತ ಅಮೋನಿಯಂ ಪೂರ್ತಿ ಬಿಡಿ ಅಂತ ನಾನು ಹೇಳುವುದಿಲ್ಲ. ಮಣ್ಣಿನ ಬೆಳೆಯಲ್ಲಿ ಬೆಚ್ಚಗಿರುವಾಗ ಸ್ವಲ್ಪ ಯೂರಿಯಾ ಅಥವಾ ಅಮೋನಿಯಂ ಸಲ್ಫೇಟ್ ಕೊಟ್ಟರೆ ತೊಂದರೆ ಇಲ್ಲ, ಖರ್ಚೂ ಉಳಿಯುತ್ತದೆ. ಹೂ ಬಂದ ಮೇಲೆ ಮಾತ್ರ ಹೆಚ್ಚಿನ ಪಾಲು ಕ್ಯಾಲ್ಸಿಯಂ ನೈಟ್ರೇಟ್ ಮತ್ತು 13:0:45 (ಪೊಟ್ಯಾಷಿಯಂ ನೈಟ್ರೇಟ್) ಇವುಗಳಿಂದ ಬರಲಿ.

ಸಾರಜನಕ ಕೊಟ್ಟರೆ ಬೇರೆ ಪೋಷಕಾಂಶಗಳ ಮೇಲೆ ಏನು ಪರಿಣಾಮ?

ನನಗೆ ಅತಿ ಮುಖ್ಯ ಅನಿಸುವ ಪ್ರಶ್ನೆ ಇದು, ಆದರೆ ತುಂಬಾ ಕಡಿಮೆ ಜನ ಕೇಳುತ್ತಾರೆ.

ಬೇರಿನ ಬಾಗಿಲಲ್ಲಿ ಒಂದು ಲೆಕ್ಕಾಚಾರ ನಡೆಯುತ್ತಿರುತ್ತದೆ. ಅಮೋನಿಯಂಗೆ ಧನ ವಿದ್ಯುದಂಶ. ಪೊಟ್ಯಾಷ್, ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡ ಧನವೇ. ಎಲ್ಲರೂ ಒಂದೇ ಬಾಗಿಲಲ್ಲಿ ನುಗ್ಗಿದಾಗ ಅಮೋನಿಯಂ ಜಾಸ್ತಿ ಇದ್ದರೆ ಉಳಿದವು ಹೊರಗೆ ನಿಲ್ಲುತ್ತವೆ. ನೈಟ್ರೇಟ್‌ಗೆ ಋಣ ವಿದ್ಯುದಂಶ, ಅದು ಒಳಗೆ ಹೋಗುವಾಗ ಸಮತೋಲಕ್ಕೆ ಪೊಟ್ಯಾಷ್, ಕ್ಯಾಲ್ಸಿಯಂ ಜೊತೆಗೆ ಬರುತ್ತವೆ. ಅಂದರೆ ಒಂದೇ ತೂಕದ ಸಾರಜನಕ ಕೊಟ್ಟರೂ ಯೂರಿಯಾ ಕೊಟ್ಟ ಗಿಡದ ಎಲೆಯಲ್ಲಿ ಕ್ಯಾಲ್ಸಿಯಂ ಕಡಿಮೆ, ನೈಟ್ರೇಟ್ ಕೊಟ್ಟದ್ದರಲ್ಲಿ ಜಾಸ್ತಿ ಬರಬಹುದು.

ಪಿಎಚ್, ಅಂದರೆ ಮಣ್ಣಿನ ಹುಳಿ-ಕ್ಷಾರದ ಅಳತೆ ಕೂಡ ಬದಲಾಗುತ್ತದೆ. ಅಮೋನಿಯಂ ಹೀರುವ ಬೇರು ಆಮ್ಲ ಬಿಡುತ್ತದೆ, ಬೇರಿನ ಸುತ್ತ ಪಿಎಚ್ ಇಳಿಯುತ್ತದೆ. ಆಗ ರಂಜಕ, ಕಬ್ಬಿಣ, ಸತು, ಮ್ಯಾಂಗನೀಸ್ ಸುಲಭವಾಗಿ ಸಿಗುತ್ತವೆ. 12:61:0 (ಮೋನೋ ಅಮೋನಿಯಂ ಫಾಸ್ಫೇಟ್) ಚಿಕ್ಕ ಗಿಡಕ್ಕೆ ಚೆನ್ನಾಗಿ ಹತ್ತುವುದರಲ್ಲಿ ಇದರ ಪಾಲೂ ಇದೆ. ನೈಟ್ರೇಟ್ ಹೀರುವ ಬೇರು ಪಿಎಚ್ ಏರಿಸುತ್ತದೆ. ಬರೀ ನೈಟ್ರೇಟ್, ಮೇಲೆ ಸುಣ್ಣದ ಅಂಶದ ಬೋರ್‌ವೆಲ್ ನೀರು ಸೇರಿತು ಅಂದರೆ ಎಳೆ ಎಲೆ ಹಳದಿ, ನರ ಮಾತ್ರ ಹಸಿರು. ಅದು ಕಬ್ಬಿಣದ ಕೊರತೆ. ಅದನ್ನು ನೋಡಿ ಸುಮ್ನೆ ಇನ್ನಷ್ಟು ಸಾರಜನಕ ಕೊಡುವವರಿದ್ದಾರೆ, ಹಳದಿ ಇನ್ನೂ ಹೆಚ್ಚುತ್ತದೆ. ಪಿಎಚ್ 7 ದಾಟಿದ ಮಣ್ಣಿಗೆ ಇಡಿಟಿಎ ರೂಪದ ಕಬ್ಬಿಣದ ಗೊಬ್ಬರ ನಿಲ್ಲುವುದಿಲ್ಲ, ಇಡಿಡಿಎಚ್‌ಎ ರೂಪದ್ದು ಬೇಕು. ಸ್ಟ್ರಾಬೆರಿಗೆ ಒಗ್ಗುವ ಪಿಎಚ್ 5.5ರಿಂದ 6.5.

ಇನ್ನು ಹಂಚಿಕೆ. ಸಾರಜನಕ ಜಾಸ್ತಿಯಾಗಿ ಎಲೆ ಸರಸರ ಬೆಳೆದಾಗ, ಬೇರು ತಂದ ಬೋರಾನ್, ಕ್ಯಾಲ್ಸಿಯಂ ಎಲ್ಲ ಅಷ್ಟು ದೊಡ್ಡ ಗಿಡಕ್ಕೆ ತೆಳುವಾಗಿ ಹರಡುತ್ತವೆ. ಮಣ್ಣಿನಲ್ಲಿ ಕೊರತೆ ಇರುವುದಿಲ್ಲ, ಗಿಡದಲ್ಲಿ ಇರುತ್ತದೆ. ಮಣ್ಣಿನ ರಿಪೋರ್ಟ್ ಎಲ್ಲ ಸರಿ ಇದ್ದೂ ಗಿಡ ಸೊರಗುವುದು ಎಷ್ಟೋ ಸಲ ಹೀಗೆಯೇ.

ಮತ್ತೆ ಪೊಟ್ಯಾಷ್. 1 ಟನ್ ಹಣ್ಣಿನಲ್ಲಿ ಸುಮಾರು 1.5 ಕೆ.ಜಿ. ಪೊಟ್ಯಾಷಿಯಂ ಇರುತ್ತದೆ, ಸಾರಜನಕಕ್ಕಿಂತ ಜಾಸ್ತಿ. ಕೊಯ್ಲಿನಲ್ಲಿ ಸಾರಜನಕ ಏರಿಸಿ ಪೊಟ್ಯಾಷ್ ಹಾಗೇ ಬಿಟ್ಟರೆ ಹಣ್ಣು ದಪ್ಪ ಇರುತ್ತದೆ, ರುಚಿ ಇರುವುದಿಲ್ಲ. ಎರಡೂ ಜೊತೆಯಲ್ಲಿ ಏರಬೇಕು. ಮ್ಯುರಿಯೇಟ್ ಆಫ್ ಪೊಟ್ಯಾಷ್ ಬೇಡ, ಅದರ ಕ್ಲೋರೈಡ್ ಈ ಬೆಳೆಗೆ ಆಗುವುದಿಲ್ಲ. ಸಲ್ಫೇಟ್ ರೂಪದ್ದೇ ತನ್ನಿ.

ಎಳೆ ಎಲೆಯ ತುದಿ ಕಪ್ಪಾಗಿ ಸುಕ್ಕಾಗುತ್ತಿದೆ. ಗೊಬ್ಬರ ಸುಟ್ಟಿದ್ದಾ?

ಅಂಚು ಸುಟ್ಟಿದ್ದು ಹಳೆ ಎಲೆಯಲ್ಲಾದರೆ ಉಪ್ಪು. ಬಿಚ್ಚುತ್ತಿರುವ ಎಳೆ ಎಲೆಯ ತುದಿಯಾದರೆ ಕ್ಯಾಲ್ಸಿಯಂ. ಕ್ಯಾಲ್ಸಿಯಂ ನೀರಿನ ಜೊತೆ ಮಾತ್ರ ಮೇಲೆ ಹೋಗುತ್ತದೆ, ಒಂದು ಸಲ ಹಳೆ ಎಲೆಯಲ್ಲಿ ಕೂತರೆ ಮತ್ತೆ ಎಳೆ ಎಲೆಗೆ ಬರುವುದಿಲ್ಲ. ದೊಡ್ಡ ಎಲೆಗಳು ಹಗಲಿನಲ್ಲಿ ನೀರು ಎಳೆದುಕೊಂಡುಬಿಡುತ್ತವೆ, ಸುಳಿಯೊಳಗಿನ ಪುಟ್ಟ ಎಲೆಗೆ ಪಾಲು ಸಿಗುವುದು ರಾತ್ರಿ ಬೇರಿನ ಒತ್ತಡದಿಂದ. ಸಾರಜನಕ ಜಾಸ್ತಿ ಕೊಟ್ಟು ಬೆಳವಣಿಗೆ ಓಡಿಸಿದಷ್ಟೂ ಈ ತುದಿ ಸುಡುವುದು ಹೆಚ್ಚು. ಮೊದಲು ಸಾರಜನಕ ಇಳಿಸಿ, ಸಂಜೆ ಮಣ್ಣು ಒಣಗಿರದ ಹಾಗೆ ನೋಡಿಕೊಳ್ಳಿ, ಆಮೇಲೆ ಕ್ಯಾಲ್ಸಿಯಂ ಸಿಂಪಡಣೆಯ ಯೋಚನೆ.

ಗಿಡ ಕಡುಹಸಿರು, ದೊಡ್ಡ ಎಲೆ, ನೋಡಲು ಚೆಂದ. ಹಣ್ಣು ಮಾತ್ರ ಮೆತ್ತಗೆ, ಸಪ್ಪೆ. ಯಾಕೆ?

ಮೊದಲ ವರ್ಷ ನಮ್ಮ ಕಾಲೆಕರೆಯಲ್ಲಿ ಆದದ್ದು ಇದೇ. ವಾರಕ್ಕೊಮ್ಮೆ ಯೂರಿಯಾ ಬಿಟ್ಟೆ, ಯಾರೇ ಬಂದರೂ ಗಿಡ ನೋಡಿ ಹೊಗಳಿ ಹೋದರು. ಜನವರಿಯ ಇಬ್ಬನಿ ಶುರುವಾದಾಗ ಎಲೆಯ ಮರೆಯಲ್ಲಿದ್ದ ಹಣ್ಣಿಗೆಲ್ಲ ಬೂದು ಬೂಸ್ಟು ಹತ್ತಿತು. ಬುಟ್ಟಿಗಟ್ಟಲೆ ಎಸೆದದ್ದು ನೆನೆದರೆ ಇವತ್ತಿಗೂ ಬೇಸರ. ಎಲೆ ಒತ್ತಾದರೆ ಒಳಗೆ ಗಾಳಿ ಆಡುವುದಿಲ್ಲ, ಬೆಳಗಿನ ತೇವ ಮಧ್ಯಾಹ್ನದವರೆಗೆ ಆರುವುದಿಲ್ಲ, ಶಿಲೀಂಧ್ರಕ್ಕೆ ಅಷ್ಟೇ ಸಾಕು. ಮೆತ್ತಗಿನ, ಸಾರಜನಕ ತುಂಬಿದ ಎಲೆ ಕೆಂಪು ನುಸಿಗೂ ಇಷ್ಟ. ಕೆಲವು ಹಣ್ಣು ಒಂದು ಕಡೆ ಬೆಳ್ಳಗೆ ಉಳಿದು ಬಣ್ಣವೇ ಏರುವುದಿಲ್ಲ. ಮೋಡದ ದಿನಗಳಲ್ಲಿ, ಪೊಟ್ಯಾಷ್‌ಗಿಂತ ಸಾರಜನಕ ಮಿತಿಮೀರಿದ ಕಡೆ ಇದು ಜಾಸ್ತಿ.

ಹಣ್ಣಿಗೆ ಬರುವ ಹೊತ್ತಿನಲ್ಲಿ ಬಳ್ಳಿ ಬಿಡುತ್ತಿದ್ದರೂ ಅದೇ ಸೂಚನೆ. ಬಳ್ಳಿ ಕತ್ತರಿಸಿ, ಹತ್ತು ದಿನ ಸಾರಜನಕ ನಿಲ್ಲಿಸಿ.

ಕಡಿಮೆಯಾಗಿದೆ ಅಂತ ಹೇಗೆ ಗೊತ್ತಾಗುತ್ತದೆ?

ಹಳೆ ಎಲೆಯಿಂದ ಶುರು. ಮೊದಲು ತಿಳಿಹಸಿರು, ಆಮೇಲೆ ಹಳದಿ, ಕೊನೆಗೆ ಕೆಂಪು. ಎಲೆತೊಟ್ಟು ಚಿಕ್ಕದಾಗಿ ಕೆಂಪಾಗುತ್ತದೆ, ಹಣ್ಣಿನ ತಲೆಯ ಹಸಿರು ಎಸಳೂ ಕೆಂಪಾಗುತ್ತದೆ. ಹಣ್ಣು ಸಣ್ಣ. ಚಳಿಗೆ ಕೂಡ ಹಳೆ ಎಲೆ ಕೆಂಪಾಗುತ್ತದೆ, ಒಂದೆರಡು ಎಲೆ ನೋಡಿ ಗಾಬರಿಯಾಗಬೇಡಿ.

ಎಲೆ ಪರೀಕ್ಷೆ ಮಾಡಿಸಬೇಕಾ?

ಮಾಡಿಸಿ. ಕಣ್ಣಿಗೆ ಕಾಣುವ ಹೊತ್ತಿಗೆ ಎರಡು ಮೂರು ವಾರದ ಇಳುವರಿ ಹೋಗಿರುತ್ತದೆ. ಈಚೆಗೆ ಪೂರ್ತಿ ಬಲಿತ, ಮೂರು ದಳದ ಎಲೆ ತೆಗೆಯಿರಿ, ಹೊಲದ ಬೇರೆ ಬೇರೆ ಕಡೆಯಿಂದ 30–40 ಎಲೆ. ಒಣ ತೂಕದಲ್ಲಿ ಸಾರಜನಕ ಕೊಯ್ಲಿಗೆ ಮೊದಲು ಶೇ. 3ರಿಂದ 3.5 ಇದ್ದರೆ ಚೆನ್ನ. ಕೊಯ್ಲು ಜೋರಾದಾಗ ಅದು ತಾನಾಗಿ ಶೇ. 2.5ರ ಹತ್ತಿರ ಇಳಿಯುತ್ತದೆ. ಅದು ರೋಗ ಅಲ್ಲ, ಎಲೆಯ ಸಾರಜನಕ ಹಣ್ಣಿನ ಕಡೆ ಹೊರಟಿದೆ ಅಷ್ಟೇ. ಅದನ್ನು ಮತ್ತೆ 3.5ಕ್ಕೆ ತರಲು ಹೋದರೆ ಮೆತ್ತಗಿನ ಹಣ್ಣೇ ಗತಿ. ಪೊಟ್ಯಾಷಿಯಂ ಶೇ. 1.5ರಿಂದ 2.5, ರಂಜಕ ಶೇ. 0.2ರಿಂದ 0.4 ಇರಲಿ.

ನಮ್ಮ ಬೋರ್‌ವೆಲ್ ನೀರಿನಲ್ಲಿ ನೈಟ್ರೇಟ್ ಇದೆ ಅಂತಾರೆ. ಅದನ್ನೂ ಲೆಕ್ಕ ಹಿಡಿಯಬೇಕಾ?

ಖಂಡಿತ ಹಿಡಿಯಬೇಕು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಅಂತರ್ಜಲದಲ್ಲಿ ನೈಟ್ರೇಟ್ ಜಾಸ್ತಿ ಇರುವ ಬಾವಿಗಳು ಕಡಿಮೆ ಏನಲ್ಲ. ಕುಡಿಯುವ ನೀರಿಗೆ ಮಿತಿ ಲೀಟರಿಗೆ 45 ಮಿಲಿಗ್ರಾಂ. ಸರಿಯಾಗಿ ಅಷ್ಟೇ ಇರುವ ನೀರಿನಲ್ಲೂ ಲೀಟರಿಗೆ 10 ಮಿ.ಗ್ರಾಂ. ಸಾರಜನಕ ಇರುತ್ತದೆ. ದಿನಕ್ಕೆ 10,000 ಲೀಟರ್ ಬಿಟ್ಟರೆ 100 ಗ್ರಾಂ, 150 ದಿನಕ್ಕೆ 15 ಕೆ.ಜಿ. ನಮ್ಮ ಒಟ್ಟು ಲೆಕ್ಕದಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ! ಬೆಳೆ ಹಾಕುವ ಮೊದಲು ನೀರಿನ ಪರೀಕ್ಷೆಯಲ್ಲಿ ಇ.ಸಿ., ಪಿಎಚ್, ಬೈಕಾರ್ಬೊನೇಟ್ ಜೊತೆ ನೈಟ್ರೇಟ್ ಕೂಡ ನೋಡಲು ಹೇಳಿ.

ಕೊಟ್ಟಿಗೆ ಗೊಬ್ಬರ, ಕೋಳಿ ಗೊಬ್ಬರ ಕೊಟ್ಟರೆ ಸಾಲದಾ?

ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಸುಮಾರು ಶೇ. 0.5. ಹತ್ತು ಟನ್‌ಗೆ 50 ಕೆ.ಜಿ. ಆಯಿತು, ಆದರೆ ಮೊದಲ ಸೀಸನ್‌ನಲ್ಲಿ ಅದರ ಒಂದು ಪಾಲು ಮಾತ್ರ ಬಿಡುಗಡೆ, ಅದೂ ಚಳಿಯಲ್ಲಿ ನಿಧಾನ. ಗಿಡ ಹಸಿದಿರುವ ಜನವರಿಯಲ್ಲೇ ಅದು ಕೈಕೊಡುತ್ತದೆ. ಮಣ್ಣಿನ ಹದಕ್ಕೆ ಅದು ಬೇಕೇ ಬೇಕು, ಸಾರಜನಕಕ್ಕೆ ಅದೊಂದನ್ನೇ ನಂಬಬೇಡಿ. ಕೋಳಿ ಗೊಬ್ಬರ ಹಸಿಯಾಗಿ ಬೇಡವೇ ಬೇಡ, ಉಪ್ಪು ಮತ್ತು ಅಮೋನಿಯಾ ಎಳೆ ಬೇರನ್ನು ಸುಡುತ್ತವೆ. ಸ್ಟ್ರಾಬೆರಿಯನ್ನು ಸಿಪ್ಪೆ ಸುಲಿಯದೆ ಹಸಿಯಾಗಿ ತಿನ್ನುತ್ತಾರೆ, ಮಕ್ಕಳು ತಿನ್ನುತ್ತಾರೆ. ಪೂರ್ತಿ ಕಳಿಯದ ಯಾವ ಗೊಬ್ಬರವನ್ನೂ ಈ ಬೆಳೆಯ ಹತ್ತಿರ ತರಬಾರದು.

ಎಲ್ಲ ಗೊಬ್ಬರ ಒಂದೇ ಡ್ರಮ್‌ನಲ್ಲಿ ಕರಗಿಸಬಹುದಾ?

ಕ್ಯಾಲ್ಸಿಯಂ ನೈಟ್ರೇಟ್ ಬೇರೆ ಡ್ರಮ್, ಬೇರೆ ದಿನ. ಅದನ್ನು 12:61:0 ಅಥವಾ ಯಾವುದೇ ಸಲ್ಫೇಟ್ ಜೊತೆ ಸೇರಿಸಿದರೆ ಬಿಳಿ ಗಸಿ ಕೂತು ಡ್ರಿಪ್ ರಂಧ್ರ ಮುಚ್ಚುತ್ತದೆ.

ಕುಂಡದಲ್ಲಿ, ತೆಂಗಿನ ನಾರಿನ ಪುಡಿಯಾದ ಕೋಕೋಪೀಟ್‌ನಲ್ಲಿ ಬೆಳೆಯುವವರಿಗೆ?

ಬೆಂಗಳೂರಿನ ತಾರಸಿಗಳಿಂದ ಈ ಪ್ರಶ್ನೆ ತುಂಬಾ ಬರುತ್ತದೆ. ಕೋಕೋಪೀಟ್‌ನಲ್ಲಿ ಯೂರಿಯಾ ಬೇಡ. ಅಮೋನಿಯಂ ಪಾಲು ಒಟ್ಟು ಸಾರಜನಕದಲ್ಲಿ ಹತ್ತರಲ್ಲಿ ಒಂದು ಸಾಕು, ಉಳಿದದ್ದು ನೈಟ್ರೇಟ್ ಇರಲಿ. ಕೊಡುವ ದ್ರಾವಣದ ಇ.ಸಿ. 1ರಿಂದ 1.5ರೊಳಗೆ ಇರಲಿ. ಹೊಸ ಕೋಕೋಪೀಟ್ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ, ಮೊದಲೇ ತೊಳೆದು ಕ್ಯಾಲ್ಸಿಯಂ ನೈಟ್ರೇಟ್ ನೀರಿನಲ್ಲಿ ನೆನೆಸಿ. ಒಂದು ಚಿಕ್ಕ ಇ.ಸಿ. ಮೀಟರ್ ಕೊಂಡುಕೊಳ್ಳಿ, ಕುಂಡದಿಂದ ಸೋರುವ ನೀರಿನಲ್ಲಿ ಅಳೆಯಿರಿ. ಕೊಟ್ಟದ್ದಕ್ಕಿಂತ ತುಂಬಾ ಜಾಸ್ತಿ ಬಂದರೆ ಒಂದು ದಿನ ಬರೀ ನೀರು ಬಿಡಿ.

ಸೀಸನ್ ಕೊನೆಯಲ್ಲಿ ಯಾವಾಗ ನಿಲ್ಲಿಸಬೇಕು?

ಕೊನೆ ಕೊಯ್ಲಿಗೆ ಎರಡು ಮೂರು ವಾರ ಮೊದಲು. ಆಗ ಕೊಟ್ಟದ್ದು ಹಣ್ಣಿಗೆ ಹೋಗುವುದಿಲ್ಲ, ಮಣ್ಣಿನಲ್ಲೇ ಉಳಿದು ಮೇ ತಿಂಗಳ ಮಳೆಗೆ ಇಳಿದು ಅದೇ ಬೋರ್‌ವೆಲ್ ಸೇರುತ್ತದೆ. ಗಿಡ ಕಿತ್ತ ಮೇಲೆ ಮಡಿ ಖಾಲಿ ಬಿಡಬೇಡಿ. ನಮ್ಮಲ್ಲಿ ಅದೇ ಮಡಿಯ ಮೇಲೆ, ಅದೇ ಡ್ರಿಪ್‌ನಲ್ಲಿ ಮುಸುಕಿನ ಜೋಳ ಹಾಕುತ್ತೇವೆ. ಅದರ ಆಳದ ಬೇರು ಉಳಿದ ನೈಟ್ರೇಟ್ ಎಳೆದುಕೊಳ್ಳುತ್ತದೆ, ಮೊದಲ ತಿಂಗಳು ಅದಕ್ಕೆ ಬೇರೆ ಯೂರಿಯಾ ಕೊಟ್ಟಿಲ್ಲ.